ಪ್ರೌಢಶಾಲೆಯ ಕಲನಶಾಸ್ತ್ರ: ಮೊದಲ ನಾಲ್ಕು ವಾರ ಸೂತ್ರ ಬೇಡ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯ ಹಂತದಲ್ಲಿಯೇ ಕಲನಶಾಸ್ತ್ರದ (ಕ್ಯಾಲ್ಕುಲಸ್) ಪರಿಚಯ ಆಗಬೇಕೇ ಬೇಡವೇ ಎಂಬ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಓದುಗರು ಬರೆಯುತ್ತಿರುವ ಪತ್ರಗಳನ್ನು ಗಮನಿಸುತ್ತಿದ್ದೇನೆ. ಬೇಕು ಎನ್ನುವವರು ಮುಂದಿನ ಓದಿಗೆ ಅದೇ ಅಡಿಪಾಯ ಎನ್ನುತ್ತಾರೆ, ಬೇಡ ಎನ್ನುವವರು ಮಕ್ಕಳ ಮೇಲಿನ ಹೊರೆಯನ್ನು ಮುಂದಿಡುತ್ತಾರೆ; ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಇಪ್ಪತ್ತೆರಡು ವರ್ಷ ಈ ವಿಷಯವನ್ನು ಹದಿನಾರು, ಹದಿನೇಳರ ಮಕ್ಕಳಿಗೆ ಕಲಿಸಿರುವ ನನ್ನನ್ನು ಹೆಚ್ಚು ಕಾಡಿರುವುದು ಬೇರೆಯೇ ಪ್ರಶ್ನೆ. ಕಲಿಸುವುದಾದರೆ ಯಾವುದನ್ನು ಮೊದಲು ಕಲಿಸಬೇಕು, ಯಾವುದಕ್ಕೆ ಎಷ್ಟು ಪೀರಿಯಡ್ ಕೊಡಬೇಕು, ಯಾವುದನ್ನು ಧೈರ್ಯವಾಗಿ ಕೈಬಿಡಬೇಕು ಎಂಬುದನ್ನು ಯಾರೂ ಚರ್ಚಿಸುತ್ತಿಲ್ಲ. ಪಠ್ಯಕ್ರಮ ರೂಪಿಸುವವರ ಮುಂದೆ ನನ್ನದೊಂದು ಒತ್ತಾಯವಿದೆ: ಕೋರ್ಸಿನ ಮೊದಲ ನಾಲ್ಕು ವಾರಗಳಲ್ಲಿ ಅವಕಲನದ, ಅಂದರೆ ಬದಲಾವಣೆಯ ದರ ಕಂಡುಹಿಡಿಯುವ ವಿಧಾನದ, ಒಂದು ಸೂತ್ರವೂ ಕಪ್ಪುಹಲಗೆಯ ಮೇಲೆ ಬರಬಾರದು. ಇದು ಏಕೆ ಅಗತ್ಯ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ನಾನು ಪಾಠ ಶುರುಮಾಡಿದ ಮೊದಲ ವರ್ಷಗಳಲ್ಲಿ ನನ್ನ ಯೋಜನೆಯೂ ಎಲ್ಲರದ್ದರಂತೆಯೇ ಇತ್ತು. ಮೊದಲ ದಿನ ಲಿಮಿಟ್, ಅಂದರೆ ಮಿತಿಯ ವ್ಯಾಖ್ಯೆ. ಆ ವಾರವೆಲ್ಲ ಮಿತಿಯ ಲೆಕ್ಕಗಳು. ಎರಡನೆಯ ವಾರ ಮೂಲತತ್ವದಿಂದ ನಿಷ್ಪನ್ನ (ಡೆರಿವೇಟಿವ್, ಅಂದರೆ ಬದಲಾವಣೆಯ ದರ) ಕಂಡುಹಿಡಿಯುವುದು. ಮೂರನೆಯ ವಾರದ ಹೊತ್ತಿಗೆ ಘಾತದ ನಿಯಮ, ಗುಣಲಬ್ಧದ ನಿಯಮ, ಭಾಗಲಬ್ಧದ ನಿಯಮ. ಮಕ್ಕಳು ಬೇಗ ಕಲಿತರು. ಎಕ್ಸ್‌ನ ಐದನೆಯ ಘಾತದಿಂದ ಮೂರು ಎಕ್ಸ್ ವರ್ಗವನ್ನು ಕಳೆದ ಫಂಕ್ಷನ್ ಕೊಟ್ಟರೆ ನಾನು ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದ ಹುಡುಗನೊಬ್ಬನಿದ್ದ. ಒಂದು ದಿನ ಎಕ್ಸ್ ವರ್ಗದ ನಕ್ಷೆಯನ್ನು ಹಲಗೆಯ ಮೇಲೆ ಬಿಡಿಸಿ, ಎಕ್ಸ್‌ನ ಬೆಲೆ ಎರಡಾದಾಗ ನಿಷ್ಪನ್ನ ನಾಲ್ಕು ಎಂದೆಯಲ್ಲ, ಆ ನಾಲ್ಕು ಈ ಚಿತ್ರದಲ್ಲಿ ಎಲ್ಲಿದೆ, ತೋರಿಸು ಎಂದು ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆ. ಅವನು ಬಹಳ ಹೊತ್ತು ನಿಂತ. ಕೊನೆಗೆ ವಕ್ರರೇಖೆಯ ಮೇಲೆ, ಎತ್ತರ ನಾಲ್ಕಿರುವ ಬಿಂದುವನ್ನು ಮುಟ್ಟಿ ತೋರಿಸಿದ. ಎರಡರ ವರ್ಗವೂ ನಾಲ್ಕೇ ಆದ್ದರಿಂದ ಅವನಿಗೆ ಅದು ಸರಿಯೆನಿಸಿತ್ತು. ಇಡೀ ತರಗತಿಗೂ ಸರಿಯೆನಿಸಿತ್ತು. ಎರಡು ತಿಂಗಳು ನಾನು ಕಲಿಸಿದ್ದು ಏನನ್ನು ಎಂಬ ಪ್ರಶ್ನೆ ಆ ದಿನ ನನ್ನನ್ನು ಹಿಡಿದುಕೊಂಡಿತು. ಆ ಬಿಂದುವಿನಲ್ಲಿ ರೇಖೆ ಎಷ್ಟು ಕಡಿದಾಗಿ ಏರುತ್ತಿದೆ ಎಂಬುದನ್ನು ಆ ನಾಲ್ಕು ಹೇಳುತ್ತದೆ ಎಂಬ ಒಂದೇ ಮಾತು ಅವನಿಗೆ ಮುಟ್ಟಿರಲಿಲ್ಲ, ಉಳಿದದ್ದೆಲ್ಲವೂ ಮುಟ್ಟಿತ್ತು.

ಪಠ್ಯಪುಸ್ತಕದ ಅನುಕ್ರಮ ತರ್ಕದ ಅನುಕ್ರಮವೇ ಹೊರತು ಈ ವಿದ್ಯೆ ಬೆಳೆದ ಅನುಕ್ರಮವಲ್ಲ. ವಿಸ್ತೀರ್ಣದ ಪ್ರಶ್ನೆ ಎಲ್ಲಕ್ಕಿಂತ ಹಳೆಯದು. ಪರವಲಯವನ್ನು (ಪ್ಯಾರಾಬೋಲಾ) ಒಂದು ಸರಳರೇಖೆ ಕತ್ತರಿಸಿದಾಗ ಉಂಟಾಗುವ ಖಂಡದ ವಿಸ್ತೀರ್ಣವು ಅದರೊಳಗಿನ ನಿರ್ದಿಷ್ಟ ತ್ರಿಭುಜದ 4/3ರಷ್ಟು ಎಂದು ಆರ್ಕಿಮಿಡೀಸ್ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ತೋರಿಸಿದ್ದ. ಗ್ರಹದ ಆ ಕ್ಷಣದ ಚಲನೆಯನ್ನು ಲೆಕ್ಕ ಹಾಕಲು ತಾತ್ಕಾಲಿಕ ಗತಿ ಎಂಬ ಕಲ್ಪನೆಯನ್ನು ಎರಡನೆಯ ಭಾಸ್ಕರಾಚಾರ್ಯರು 1150ರ ಸುಮಾರಿನಲ್ಲಿ ಬಳಸಿದ್ದಾರೆ. ನ್ಯೂಟನ್ 1660ರ ದಶಕದಲ್ಲಿ ತನ್ನ ವಿಧಾನವನ್ನು ರೂಪಿಸಿಕೊಂಡ. ಲೈಬ್ನಿಟ್ಸ್ ತನ್ನದನ್ನು 1684ರಲ್ಲಿ ಪ್ರಕಟಿಸಿದ. ಮಿತಿಯನ್ನು ಆಧಾರವಾಗಿಟ್ಟು ಕಲನವನ್ನು ಕ್ರಮಬದ್ಧವಾಗಿ ಕಟ್ಟುವ ಕೆಲಸ ಫ್ರೆಂಚ್ ಗಣಿತಜ್ಞ ಕೋಶಿಯ 1821ರ ಪಾಠಗಳಿಂದ ಆರಂಭವಾಗಿ, ಇಂದು ನಾವು ಎಪ್ಸಿಲಾನ್-ಡೆಲ್ಟಾ ಎನ್ನುವ ಖಚಿತ ರೂಪಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಜರ್ಮನ್ ಗಣಿತಜ್ಞ ವೈಯರ್‌ಸ್ಟ್ರಾಸ್‌ನ ಕಾಲಕ್ಕೆ. ಅಂದರೆ ಎಲ್ಲಕ್ಕಿಂತ ಕೊನೆಗೆ ಸಿದ್ಧಿಸಿದ್ದನ್ನು ನಾವು ಮಕ್ಕಳ ಮುಂದೆ ಎಲ್ಲಕ್ಕಿಂತ ಮೊದಲು ಇಡುತ್ತಿದ್ದೇವೆ. ಮಗು ಇತಿಹಾಸವನ್ನೆಲ್ಲ ಮತ್ತೆ ನಡೆದು ಬರಬೇಕೆಂದು ನಾನು ಹೇಳುತ್ತಿಲ್ಲ. ಯಾವ ತೊಡಕನ್ನು ಬಿಡಿಸಲು ಮಿತಿ ಬೇಕಾಯಿತೋ ಆ ತೊಡಕನ್ನು ಮಗು ಮೊದಲು ತಾನೇ ಎದುರಿಸಿರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಹಾಗಾದರೆ ಆ ನಾಲ್ಕು ವಾರಗಳಲ್ಲಿ ಏನು ಮಾಡುವುದು? ಅಂಕಿಗಳು, ಕೋಷ್ಟಕಗಳು, ಗ್ರಾಫ್ ಹಾಳೆ. ಮೇಲಿನಿಂದ ಬಿಟ್ಟ ಕಲ್ಲು ಟಿ ಸೆಕೆಂಡಿನಲ್ಲಿ 4.9 ಗುಣಿಸು ಟಿ ವರ್ಗದಷ್ಟು ಮೀಟರ್ ಬೀಳುತ್ತದೆ ಎಂಬುದು ಮಕ್ಕಳಿಗೆ ವಿಜ್ಞಾನದ ತರಗತಿಯಲ್ಲಿ ಗೊತ್ತಿರುತ್ತದೆ. ಒಂದನೆಯ ಸೆಕೆಂಡ್ ಮುಗಿದ ಆ ಕ್ಷಣದಲ್ಲಿ ಕಲ್ಲಿನ ವೇಗ ಎಷ್ಟು ಎಂದು ಕೇಳಬೇಕು. ದೂರವನ್ನು ಕಾಲದಿಂದ ಭಾಗಿಸಬೇಕು ಎನ್ನುತ್ತಾರೆ. ಆದರೆ ಒಂದು ಕ್ಷಣದಲ್ಲಿ ಕ್ರಮಿಸಿದ ದೂರವೂ ಸೊನ್ನೆ, ಹಿಡಿದ ಕಾಲವೂ ಸೊನ್ನೆ. ಇಲ್ಲಿ ಮಕ್ಕಳು ನಿಲ್ಲುತ್ತಾರೆ, ನಿಲ್ಲಲು ಬಿಡಬೇಕು. ಆಮೇಲೆ ಒಂದರಿಂದ 1.1 ಸೆಕೆಂಡಿನವರೆಗಿನ ಸರಾಸರಿ ವೇಗವನ್ನು ಅವರೇ ಲೆಕ್ಕ ಹಾಕಲಿ: 10.29 ಬರುತ್ತದೆ. ಒಂದರಿಂದ 1.01ರವರೆಗೆ 9.849, ಒಂದರಿಂದ 1.001ರವರೆಗೆ 9.8049. ಮುಂದಿನ ಸಾಲನ್ನು ಲೆಕ್ಕ ಹಾಕದೆಯೇ ಹೇಳಬಲ್ಲಿರಾ ಎಂದು ಕೇಳಿದಾಗ ತರಗತಿಯಲ್ಲಿ ಕೈಗಳು ಮೇಲೇಳುವ ಆ ಗಳಿಗೆಯನ್ನು ನಾನು ಪ್ರತಿ ವರ್ಷ ಕಾಯುತ್ತೇನೆ. ಮಿತಿ ಎಂಬ ಪದ ಇನ್ನೂ ಹುಟ್ಟಿಲ್ಲ, ಆದರೆ ವಸ್ತು ಎದುರಿಗೆ ಬಂದು ನಿಂತಿದೆ.

ಇದೇ ಕೆಲಸವನ್ನು ನಕ್ಷೆಯಲ್ಲಿಯೂ ಮಾಡಬೇಕು. ಮೊಬೈಲಿನಲ್ಲಿ ಗ್ರಾಫ್ ಬಿಡಿಸುವ ಆ್ಯಪ್ ತೆರೆದು ಎಕ್ಸ್ ವರ್ಗದ ಪರವಲಯದ ಮೇಲೆ ಒಂದು ಬಿಂದುವನ್ನು ಹಿಡಿದು ದೊಡ್ಡದು ಮಾಡುತ್ತಾ ಹೋದರೆ ವಕ್ರರೇಖೆ ನಿಧಾನವಾಗಿ ನೆಟ್ಟಗಾಗಿ, ಕೊನೆಗೆ ಸ್ಕೇಲಿನಿಂದ ಎಳೆದ ಗೆರೆಯಂತೆ ಕಾಣುತ್ತದೆ. ಆ ಗೆರೆಯ ಇಳಿಜಾರನ್ನು ಮಕ್ಕಳು ಅಳೆಯಬಲ್ಲರು, ಏಕೆಂದರೆ ಸರಳರೇಖೆಯ ಇಳಿಜಾರು ಅವರಿಗೆ ಹಳೆಯ ಪಾಠ. ಬೆನ್ನಿಗೇ ಮಾಡ್ಯುಲಸ್ ಎಕ್ಸ್‌ನ (ಋಣ ಚಿಹ್ನೆ ಬಿಟ್ಟ ಎಕ್ಸ್‌ನ ಬೆಲೆ) ನಕ್ಷೆಯನ್ನು ಸೊನ್ನೆಯ ಹತ್ತಿರ ದೊಡ್ಡದು ಮಾಡಿ ತೋರಿಸಬೇಕು. ಎಷ್ಟು ದೊಡ್ಡದು ಮಾಡಿದರೂ ಆ ಮೂಲೆ ಮೂಲೆಯಾಗಿಯೇ ಉಳಿಯುತ್ತದೆ. ನಿಷ್ಪನ್ನ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ಏನೆಂಬುದು ಒಂದೂ ಚಿಹ್ನೆಯಿಲ್ಲದೆ ಕಣ್ಣಿಗೆ ಬೀಳುತ್ತದೆ. ಸ್ಪರ್ಶಕದ ಬಗ್ಗೆ ವೃತ್ತದ ಪಾಠದಿಂದ ಉಳಿದುಬಂದ ತಪ್ಪು ಕಲ್ಪನೆಯನ್ನೂ ಇಲ್ಲಿಯೇ ತಿದ್ದಬೇಕು. ಸ್ಪರ್ಶಕ ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ ಎಂದು ಅವರು ನಂಬಿರುತ್ತಾರೆ. ಎಕ್ಸ್ ಘನದ ನಕ್ಷೆಗೆ ಎಕ್ಸ್ ಒಂದಾಗಿರುವ ಕಡೆ ಎಳೆದ ಸ್ಪರ್ಶಕವು ಎಕ್ಸ್ ಋಣ ಎರಡಾಗಿರುವ ಕಡೆ ಅದೇ ರೇಖೆಯನ್ನು ಮತ್ತೆ ಸಂಧಿಸುತ್ತದೆ ಎಂಬುದನ್ನು ಗ್ರಾಫ್ ಹಾಳೆಯ ಮೇಲೆ ತಾವೇ ಎಳೆದು ನೋಡಿದ ಮಕ್ಕಳು, ಸ್ಪರ್ಶಕ ಎಂದರೆ ನಿಜಕ್ಕೂ ಏನು ಎಂದು ಮೊದಲ ಬಾರಿಗೆ ಕೇಳುತ್ತಾರೆ.

ನಾಲ್ಕು ವಾರ ಹೀಗೆ ಕಳೆದ ಮೇಲೆ ಬೀಜಗಣಿತಕ್ಕೆ ಬರಬೇಕು. ಎಕ್ಸ್ ಮೂರಾದಾಗ ಎಕ್ಸ್ ವರ್ಗ ಬದಲಾಗುವ ದರವನ್ನು ಮಕ್ಕಳು ಕೋಷ್ಟಕದಲ್ಲಿ 6.1, 6.01, 6.001 ಎಂದು ಆಗಲೇ ಕಂಡಿರುತ್ತಾರೆ. ಈಗ 0.1, 0.01ರ ಜಾಗದಲ್ಲಿ ಎಚ್ ಎಂದು ಇಟ್ಟು, ಮೂರು ಕೂಡಿಸು ಎಚ್ ಎಂಬ ಮೊತ್ತದ ವರ್ಗದಿಂದ ಒಂಬತ್ತನ್ನು ಕಳೆದು, ಎಚ್‌ನಿಂದ ಭಾಗಿಸಿದರೆ ಆರು ಕೂಡಿಸು ಎಚ್ ಉಳಿಯುತ್ತದೆ. ಎಚ್ ಸೊನ್ನೆಯ ಹತ್ತಿರ ಹೋದರೆ ಉತ್ತರ ಆರು. ಈ ಹಂತದಲ್ಲಿ ಒಂದು ವರ್ಷ, ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಮೇಡಂ, ಭಾಗಿಸುವಾಗ ಎಚ್ ಸೊನ್ನೆ ಅಲ್ಲ ಅಂದ್ರಿ, ಎರಡು ಸಾಲು ಆದಮೇಲೆ ಎಚ್ ಸೊನ್ನೆ ಅಂತ ಹಾಕಿದ್ರಿ, ಯಾವುದು ನಿಜ?" ಎಂದು ಕೇಳಿದಳು. ತರಗತಿಯಲ್ಲಿ ಕೆಲವರು ನಕ್ಕರು. ನಾನು ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಅವಳ ಪ್ರಶ್ನೆಯನ್ನು ಹಲಗೆಯ ಮೇಲೆ ಅವಳ ಮಾತಿನಲ್ಲಿಯೇ ಬರೆದೆ. ಏಕೆಂದರೆ ಇದು ದಡ್ಡ ಪ್ರಶ್ನೆಯಲ್ಲ. ಐರ್ಲೆಂಡಿನ ತತ್ತ್ವಜ್ಞಾನಿ ಜಾರ್ಜ್ ಬರ್ಕ್ಲಿ 1734ರಲ್ಲಿ ನ್ಯೂಟನ್ನನ ವಿಧಾನದ ಮೇಲೆ ಎತ್ತಿದ ಆಕ್ಷೇಪಣೆಯ ತಿರುಳು ಇದೇ. ಗಣಿತಜ್ಞರು ಇದಕ್ಕೆ ತೃಪ್ತಿಕರವಾದ ಉತ್ತರವನ್ನು ಕಟ್ಟಿಕೊಳ್ಳಲು ನೂರು ವರ್ಷಗಳ ಹತ್ತಿರಹತ್ತಿರ ಹಿಡಿಯಿತು. ಎಚ್ ಎಂದಿಗೂ ಸೊನ್ನೆಯಾಗುವುದಿಲ್ಲ, ಆರು ಕೂಡಿಸು ಎಚ್ ಎಂಬುದು ಯಾವ ಸಂಖ್ಯೆಗೆ ನಮಗೆ ಬೇಕಾದಷ್ಟು ಹತ್ತಿರ ಬಂದು ಅಲ್ಲಿಯೇ ಉಳಿಯುತ್ತದೆ ಎಂಬುದನ್ನು ಮಾತ್ರ ನಾವು ಕೇಳುತ್ತಿದ್ದೇವೆ ಎಂಬ ಉತ್ತರವನ್ನು ಆ ಹುಡುಗಿ ಕೇಳಿದ ಮೇಲೆ ಹೇಳಿದರೆ ಅದು ಉತ್ತರ. ಮೊದಲ ದಿನವೇ ವ್ಯಾಖ್ಯೆಯಾಗಿ ಹೇಳಿದರೆ, ಯಾರೂ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರವಾಗಿ ಅದು ನೋಟ್‌ಬುಕ್ಕಿನಲ್ಲಿ ಉಳಿಯುತ್ತದೆ.

ಮಿತಿಯ ಪಾಠಕ್ಕೆ ಹನ್ನೆರಡು ಪೀರಿಯಡ್ ಸಾಕು, ಆದರೆ ಆ ಹನ್ನೆರಡರಲ್ಲಿ ಒಂದನ್ನು ಕೋಷ್ಟಕವನ್ನು ಕಣ್ಣುಮುಚ್ಚಿ ನಂಬಬಾರದು ಎಂದು ತೋರಿಸಲು ಮೀಸಲಿಡಬೇಕು. ಪೈಯನ್ನು ಎಕ್ಸ್‌ನಿಂದ ಭಾಗಿಸಿ ಅದರ ಸೈನ್ ತೆಗೆದುಕೊಳ್ಳಿ. ಎಕ್ಸ್ 0.1 ಆದರೆ ಬೆಲೆ ಸೊನ್ನೆ, 0.01 ಆದರೂ ಸೊನ್ನೆ, 0.001 ಆದರೂ ಸೊನ್ನೆ. ಮಿತಿ ಸೊನ್ನೆ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಆಗ 0.001ಕ್ಕಿಂತಲೂ ಒಂದು ಕೂದಲೆಳೆ ಒಳಗಿರುವ 2/2001 ಎಂಬ ಬೆಲೆಯನ್ನು ಹಾಕಿ ನೋಡಲು ಹೇಳಬೇಕು. ಬೆಲೆ ಒಂದು ಎಂದು ಬರುತ್ತದೆ. ಸೊನ್ನೆಯ ಹತ್ತಿರ ಹೋದಷ್ಟೂ ಈ ಫಂಕ್ಷನ್ ಒಂದಕ್ಕೂ ಋಣ ಒಂದಕ್ಕೂ ನಡುವೆ ಓಲಾಡುತ್ತಲೇ ಇರುತ್ತದೆ, ಮಿತಿ ಎಂಬುದೇ ಇಲ್ಲ. ಹತ್ತಿರ ಬರುವುದು ಮಾತ್ರ ಸಾಲದು, ಹತ್ತಿರ ಉಳಿಯಬೇಕು ಎಂಬುದು ಈ ಒಂದು ಉದಾಹರಣೆಯಿಂದ ತಲೆಗೆ ಹೋಗುವಷ್ಟು ಹತ್ತು ಪುಟ ವಿವರಣೆಯಿಂದ ಹೋಗುವುದಿಲ್ಲ. ಎಪ್ಸಿಲಾನ್-ಡೆಲ್ಟಾ ರೂಪದ ಸಾಧನೆಗಳನ್ನು ಮೊದಲ ಕೋರ್ಸಿನಲ್ಲಿ ಪರೀಕ್ಷೆಗೆ ಇಡುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಆಸಕ್ತಿಯುಳ್ಳ ಮಕ್ಕಳಿಗೆ ಬೇರೆಯಾಗಿ ತೋರಿಸಿದರೆ ಸಾಕು.

ಕಲನಶಾಸ್ತ್ರದಲ್ಲಿ ಹಿಂದೆ ಬಿದ್ದರು ಎಂದು ನಾವು ಯಾರನ್ನು ಹೇಳುತ್ತೇವೆಯೋ ಅವರಲ್ಲಿ ಬಹುಪಾಲು ಮಕ್ಕಳು ನಿಜವಾಗಿ ಎಡವಿರುವುದು ಬೀಜಗಣಿತದಲ್ಲಿ ಎಂಬುದು ಉತ್ತರಪತ್ರಿಕೆ ತಿದ್ದಿದ ಯಾವ ಶಿಕ್ಷಕರಿಗೂ ಗೊತ್ತು. ಎಕ್ಸ್ ಕೂಡಿಸು ಎಚ್ ಎಂಬ ಮೊತ್ತದ ವರ್ಗವನ್ನು ಎಕ್ಸ್ ವರ್ಗ ಕೂಡಿಸು ಎಚ್ ವರ್ಗ ಎಂದು ಬರೆದ ಮಗುವಿಗೆ ಮೂಲತತ್ವದಿಂದ ಎಂದಿಗೂ ಸರಿಯಾದ ಉತ್ತರ ಸಿಗುವುದಿಲ್ಲ. ಒಂದು ಭಾಗಿಸು (ಎಕ್ಸ್ ಕೂಡಿಸು ಎಚ್) ಎಂಬ ಭಿನ್ನರಾಶಿಯಿಂದ ಒಂದು ಭಾಗಿಸು ಎಕ್ಸ್ ಅನ್ನು ಕಳೆಯಲು ಬಾರದ ಮಗುವಿಗೆ ಮಿತಿಯ ಮಹಿಮೆ ಹೇಳಿ ಫಲವಿಲ್ಲ. ಸಾಮಾನ್ಯವಾಗಿ ಇದಕ್ಕೆ ಸೂಚಿಸುವ ಪರಿಹಾರವೆಂದರೆ ವರ್ಷದ ಆರಂಭದಲ್ಲಿ ಒಂದು ತಿಂಗಳು ಹಳೆಯ ಪಾಠಗಳ ಪುನರಾವರ್ತನೆ. ನಾನು ಅದನ್ನು ಮೂರು ವರ್ಷ ಮಾಡಿ ನೋಡಿದೆ. ಗೊತ್ತಿದ್ದವರಿಗೆ ಬೇಸರ ಬಂತು, ಗೊತ್ತಿಲ್ಲದವರಿಗೆ ಎರಡನೆಯ ಸಲವೂ ಅರ್ಥವಾಗಲಿಲ್ಲ, ಏಕೆಂದರೆ ಅದು ಯಾತಕ್ಕೆ ಬೇಕು ಎಂಬುದು ಆಗಲೂ ಕಾಣಿಸಲಿಲ್ಲ. ಅದರ ಬದಲು ಹದಿನೈದು ಪೀರಿಯಡ್‌ಗಳನ್ನು ಬೀಜಗಣಿತಕ್ಕೆಂದು ಎತ್ತಿಟ್ಟು, ಅವುಗಳನ್ನು ಒಟ್ಟಿಗೆ ಖರ್ಚು ಮಾಡದೆ, ಭಿನ್ನರಾಶಿ ಬೇಕಾದ ದಿನದ ಹಿಂದಿನ ದಿನ ಭಿನ್ನರಾಶಿ, ಘಾತಗಳ ನಿಯಮ ಬೇಕಾದ ವಾರದಲ್ಲಿ ಘಾತಗಳ ನಿಯಮ ಎಂದು ಹಂಚಿದರೆ ಅದೇ ಮಕ್ಕಳು ಕಲಿಯುತ್ತಾರೆ.

ನಿಯಮಗಳ ವಿಷಯಕ್ಕೆ ಬರೋಣ. ನಿಯಮಗಳು ಬೇಡವೆಂದಲ್ಲ; ನಿಯಮಗಳಿಲ್ಲದೆ ಕಲನವಿಲ್ಲ. ಅವಕ್ಕೆ ಇಪ್ಪತ್ತೈದು ಪೀರಿಯಡ್ ಇಟ್ಟಿದ್ದೇನೆ. ಆದರೆ ಪ್ರತಿ ನಿಯಮದ ಹಿಂದೆ ಒಂದು ಚಿತ್ರವೋ ಒಂದು ಕೋಷ್ಟಕವೋ ಇರಬೇಕು. ಎರಡು ಫಂಕ್ಷನ್‌ಗಳ ಗುಣಲಬ್ಧದ ನಿಷ್ಪನ್ನ ಎಂದರೆ ಅವುಗಳ ನಿಷ್ಪನ್ನಗಳ ಗುಣಲಬ್ಧ ಎಂದು ಮಕ್ಕಳು ಸಹಜವಾಗಿಯೇ ಊಹಿಸುತ್ತಾರೆ. ತಪ್ಪು ಎಂದು ಗೀಟು ಎಳೆಯುವ ಬದಲು ಎಕ್ಸ್ ಗುಣಿಸು ಎಕ್ಸ್ ಎಂಬುದಕ್ಕೆ ಅದನ್ನು ಅನ್ವಯಿಸಲು ಹೇಳಿದರೆ ಒಂದು ಗುಣಿಸು ಒಂದು, ಅಂದರೆ ಒಂದು ಎಂದು ಬರುತ್ತದೆ. ಎರಡು ಎಕ್ಸ್ ಬರಬೇಕಿತ್ತಲ್ಲ ಎಂದು ಅವರೇ ಹಿಂದಿರುಗುತ್ತಾರೆ. ಆಗ ಹತ್ತು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲದ ಆಯತವನ್ನು ಬಿಡಿಸಿ ಎರಡೂ ಬಾಹುಗಳನ್ನು 0.1 ಸೆಂಟಿಮೀಟರ್ ಬೆಳೆಸಬೇಕು. ವಿಸ್ತೀರ್ಣ 60ರಿಂದ 61.61ಕ್ಕೆ ಏರುತ್ತದೆ. ಹೆಚ್ಚಿದ 1.61ರಲ್ಲಿ ಒಂದು ಪಟ್ಟಿಯ ಪಾಲು 1, ಇನ್ನೊಂದು ಪಟ್ಟಿಯ ಪಾಲು 0.6, ಮೂಲೆಯ ಚಿಕ್ಕ ಚೌಕದ ಪಾಲು ಬರೀ 0.01. ಬೆಳವಣಿಗೆಯನ್ನು ಇನ್ನೂ ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಪಟ್ಟಿಗಳೆರಡೂ ಸೇರಿ 0.16 ಉಳಿಯುತ್ತವೆ, ಮೂಲೆ 0.0001ಕ್ಕೆ ಕುಗ್ಗುತ್ತದೆ. ಎರಡು ಪಟ್ಟಿಗಳೇ ಗುಣಲಬ್ಧದ ನಿಯಮದ ಎರಡು ಪದಗಳು, ಮಾಯವಾಗುವ ಮೂಲೆಯೇ ಮಿತಿಯ ಕೆಲಸ. ಇದನ್ನು ಒಮ್ಮೆ ಬಿಡಿಸಿದ ಮಗು ಆ ನಿಯಮವನ್ನು ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲದು.

ಎರಡರ ಎಕ್ಸ್ ಘಾತಕ್ಕೂ ಎಕ್ಸ್ ವರ್ಗಕ್ಕೂ ಒಂದೇ ಘಾತದ ನಿಯಮವನ್ನು ಹಾಕುವ ತಪ್ಪು ಎಲ್ಲ ವರ್ಷವೂ ಬರುತ್ತದೆ. ಇಲ್ಲಿಯೂ ಕೋಷ್ಟಕವೇ ಔಷಧ. ಎಕ್ಸ್ ಸೊನ್ನೆಯಾಗಿರುವ ಕಡೆ ಎರಡರ ಘಾತದ ಬದಲಾವಣೆಯ ದರ ಸುಮಾರು 0.693 ಎಂದೂ ಮೂರರ ಘಾತದ್ದು ಸುಮಾರು 1.099 ಎಂದೂ ಮಕ್ಕಳು ಕಂಡುಕೊಂಡ ಮೇಲೆ, ದರ ಸರಿಯಾಗಿ 1 ಆಗುವ ಆಧಾರಸಂಖ್ಯೆ ಎರಡಕ್ಕೂ ಮೂರಕ್ಕೂ ನಡುವೆ ಎಲ್ಲೋ ಇರಬೇಕು ಎಂದು ಅವರೇ ಹುಡುಕಲು ತೊಡಗುತ್ತಾರೆ. 2.718 ಎಂಬ ಸಂಖ್ಯೆ ಆಗ ಆಕಾಶದಿಂದ ಉದುರಿದಂತೆ ತೋರುವುದಿಲ್ಲ. ತ್ರಿಕೋನಮಿತಿಯಲ್ಲಿ ರೇಡಿಯನ್ ಏಕೆ ಬೇಕು ಎಂಬುದಕ್ಕೂ ಇದೇ ದಾರಿ: ಕೋನವನ್ನು ಡಿಗ್ರಿಯಲ್ಲಿ ಇಟ್ಟರೆ ಸೊನ್ನೆಯ ಹತ್ತಿರ ಸೈನ್ ಬದಲಾಗುವ ದರ 0.01745 ಎಂಬ ಅಡ್ಡಾದಿಡ್ಡಿ ಸಂಖ್ಯೆ, ರೇಡಿಯನ್‌ನಲ್ಲಿ ಇಟ್ಟರೆ ಒಂದು. ಕ್ಯಾಲ್ಕುಲೇಟರನ್ನು ಡಿಗ್ರಿಯಲ್ಲಿಯೇ ಬಿಟ್ಟು ಲೆಕ್ಕ ತಪ್ಪಿಸಿಕೊಂಡ ಒಬ್ಬ ವಿದ್ಯಾರ್ಥಿಯಿಂದಲೇ ಈ ಪಾಠ ಆರಂಭವಾಗುವಂತೆ ಈಗ ನಾನು ಬೇಕೆಂದೇ ಬಿಡುತ್ತೇನೆ.

ಭೌತವಿಜ್ಞಾನದ ಶಿಕ್ಷಕರು ಇಲ್ಲಿ ತಕರಾರು ಎತ್ತುವುದು ನ್ಯಾಯವೇ. ಚಲನೆಯ ಪಾಠಕ್ಕೆ ಅವರಿಗೆ ಮೊದಲ ತಿಂಗಳಲ್ಲಿಯೇ ನಿಷ್ಪನ್ನ ಬೇಕಾಗುತ್ತದೆ, ಗಣಿತದವರು ನಾಲ್ಕು ವಾರ ಕೋಷ್ಟಕ ಹಾಕುತ್ತಾ ಕುಳಿತರೆ ಅವರ ಪಾಠ ನಿಲ್ಲುತ್ತದೆ. ಆದರೆ ಆ ನಾಲ್ಕು ವಾರದ ಕೋಷ್ಟಕಗಳು ಬಹುಮಟ್ಟಿಗೆ ಚಲನೆಯವೇ ಆಗಿರುವುದರಿಂದ, ಇಬ್ಬರೂ ಶಿಕ್ಷಕರು ವರ್ಷದ ಆರಂಭದಲ್ಲಿ ಒಂದು ಗಂಟೆ ಕುಳಿತು ಮಾತನಾಡಿಕೊಂಡರೆ ಒಂದೇ ದತ್ತಾಂಶವನ್ನು ಎರಡೂ ತರಗತಿಗಳಲ್ಲಿ ಬಳಸಬಹುದು. ಪಠ್ಯಕ್ರಮ ಸಮಿತಿಗಳು ಈ ಎರಡು ವಿಷಯಗಳ ವೇಳಾಪಟ್ಟಿಯನ್ನು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ತಯಾರಿಸುವುದನ್ನು ಬಿಡಬೇಕು.

ಇಷ್ಟಕ್ಕೆಲ್ಲ ಸಮಯ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ: ಕೈಬಿಡುವುದರಿಂದ. ಭಾಗಶಃ ಭಿನ್ನರಾಶಿಗಳ ಮೂಲಕ ಅನುಕಲನ (ಇಂಟಿಗ್ರೇಷನ್), ವಿಲೋಮ ತ್ರಿಕೋನಮಿತಿಯ ಫಂಕ್ಷನ್‌ಗಳ ಉದ್ದುದ್ದ ಅವಕಲನ, ಮಿತಿಗಳಿಗೆ ಎಲ್'ಒಪಿತಾಲ್ ನಿಯಮ, ಇವಾವುವೂ ಮೊದಲ ಕೋರ್ಸಿನಲ್ಲಿ ಇರಬೇಕಾಗಿಲ್ಲ. ಬಹುಪದೋಕ್ತಿಗಳು, ವರ್ಗಮೂಲ, ಒಂದು ಭಾಗಿಸು ಎಕ್ಸ್, ಸೈನ್ ಮತ್ತು ಕೊಸೈನ್, ಘಾತೀಯ ಫಂಕ್ಷನ್: ಈ ಐದು ಬಗೆಯ ಫಂಕ್ಷನ್‌ಗಳನ್ನು ಕೈಯ ಗೆರೆಯಂತೆ ಬಲ್ಲ ವಿದ್ಯಾರ್ಥಿ ಮುಂದೆ ಕಾಲೇಜಿನಲ್ಲಿ ಉಳಿದದ್ದನ್ನು ಕೆಲವೇ ವಾರಗಳಲ್ಲಿ ಕಲಿಯುತ್ತಾನೆ. ಕೈಬಿಟ್ಟ ಪಾಠವನ್ನು ಪಠ್ಯಪುಸ್ತಕದಲ್ಲಿ ಐಚ್ಛಿಕ ಎಂದು ಉಳಿಸುವುದು ಕೂಡ ಬೇಡ. ಅಚ್ಚಾದದ್ದನ್ನೆಲ್ಲ ಮುಗಿಸಬೇಕೆಂಬ ಒತ್ತಡ ಶಿಕ್ಷಕರ ಮೇಲೆ ಹೇಗಿರುತ್ತದೆ ಎಂಬುದನ್ನು ನಾನು ಬಲ್ಲೆ.

ಗರಿಷ್ಠ ಕನಿಷ್ಠಗಳ ಅನ್ವಯಕ್ಕೆ ಹದಿನೆಂಟು ಪೀರಿಯಡ್ ಸಾಕಾಗುತ್ತದೆ. ಒಂದು ಉದಾಹರಣೆ ಮಾತ್ರ ಹೇಳುತ್ತೇನೆ. ಮೂವತ್ತು ಸೆಂಟಿಮೀಟರ್ ಚೌಕದ ರಟ್ಟಿನ ನಾಲ್ಕೂ ಮೂಲೆಗಳಲ್ಲಿ ಸಮನಾದ ಚೌಕಗಳನ್ನು ಕತ್ತರಿಸಿ ಮಡಚಿ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಲು ಗುಂಪುಗಳಿಗೆ ಕೊಡಬೇಕು. ನಾಲ್ಕು ಸೆಂಟಿಮೀಟರ್ ಕತ್ತರಿಸಿದವರ ಪೆಟ್ಟಿಗೆ 1936 ಘನ ಸೆಂಟಿಮೀಟರ್ ಹಿಡಿಯುತ್ತದೆ, ಆರು ಕತ್ತರಿಸಿದವರದು 1944, ಐದು ಕತ್ತರಿಸಿದವರದು 2000. ರಟ್ಟು ಕೈಯಲ್ಲಿರುವಾಗಲೇ ನಿಷ್ಪನ್ನವನ್ನು ಸೊನ್ನೆಗೆ ಸಮ ಮಾಡಿದರೆ ಐದು ಮತ್ತು ಹದಿನೈದು ಎಂಬ ಎರಡು ಉತ್ತರಗಳು ಬರುತ್ತವೆ, ಹದಿನೈದು ಕತ್ತರಿಸಿದರೆ ಪೆಟ್ಟಿಗೆಯೇ ಉಳಿಯುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅನುಕಲನದ ಬಗ್ಗೆ ಸಾಮಾನ್ಯ ಯೋಜನೆಗಳಲ್ಲಿ ಆಗುವ ಅನ್ಯಾಯ ಇನ್ನೂ ದೊಡ್ಡದು. ವರ್ಷದ ಕೊನೆಯ ಮೂರು ವಾರಗಳಲ್ಲಿ, ಪರೀಕ್ಷೆ ಹತ್ತಿರವಾದಾಗ, ಅವಕಲನದ ಪಟ್ಟಿಯನ್ನು ಹಿಂದುಮುಂದಾಗಿ ಓದುವುದೇ ಅನುಕಲನ ಎಂಬಂತೆ ಅದನ್ನು ಮುಗಿಸಿಬಿಡುತ್ತಾರೆ. ಅದಕ್ಕೆ ಇಪ್ಪತ್ತೆರಡು ಪೀರಿಯಡ್ ಬೇಕೇಬೇಕು, ಮತ್ತು ಅದು ಕೂಡಿಸುವುದರಿಂದ ಆರಂಭವಾಗಬೇಕು. ನಿಂತ ಸೈಕಲ್ ಹೊರಟು ಪ್ರತಿ ಸೆಕೆಂಡಿಗೆ ಎರಡು ಮೀಟರಿನಂತೆ ವೇಗ ಹೆಚ್ಚಿಸಿಕೊಂಡು ಐದನೆಯ ಸೆಕೆಂಡಿಗೆ ಹತ್ತು ಮೀಟರ್ ವೇಗ ತಲುಪಿತು ಎಂದಿಟ್ಟುಕೊಳ್ಳೋಣ. ಪ್ರತಿ ಸೆಕೆಂಡಿನ ಆರಂಭದ ವೇಗವನ್ನು ಹಿಡಿದು ಕೂಡಿಸಿದರೆ 20 ಮೀಟರ್, ಕೊನೆಯ ವೇಗವನ್ನು ಹಿಡಿದರೆ 30 ಮೀಟರ್. ನಿಜವಾದ ದೂರ ಇವೆರಡರ ನಡುವೆ ಎಲ್ಲೋ ಇದೆ. ಅರ್ಧ ಅರ್ಧ ಸೆಕೆಂಡಿಗೆ ಒಡೆದರೆ 22.5 ಮತ್ತು 27.5. ಎರಡೂ ಬದಿಯಿಂದ ಒತ್ತಿ ಬರುವ ಈ ಸಂಖ್ಯೆಗಳ ನಡುವೆ 25 ನಿಂತಿದೆ, ಮತ್ತು ಅದು ವೇಗದ ನಕ್ಷೆಯ ಕೆಳಗಿನ ತ್ರಿಭುಜದ ವಿಸ್ತೀರ್ಣವೂ ಹೌದು. ಐದರ ಬದಲು ಟಿ ಸೆಕೆಂಡ್ ಎಂದರೆ ಆ ವಿಸ್ತೀರ್ಣ ಟಿ ವರ್ಗ. ಟಿ ವರ್ಗದ ನಿಷ್ಪನ್ನ ಎರಡು ಟಿ, ನಾವು ಹೊರಟ ವೇಗವೇ ಅದು. ದೂರದಿಂದ ವೇಗಕ್ಕೆ, ವೇಗದಿಂದ ದೂರಕ್ಕೆ ಹೋಗಿ ಬರುವ ದಾರಿ ಒಂದೇ ಎಂಬುದು, ಅಂದರೆ ಕಲನಶಾಸ್ತ್ರದ ಮೂಲ ಪ್ರಮೇಯ, ಈ ಪೀರಿಯಡ್‌ನಲ್ಲಿ ಹೆಸರಿಲ್ಲದೆ ಬಂದುಹೋಗುತ್ತದೆ. ಹೆಸರನ್ನು ಮಾರನೆಯ ದಿನ ಕೊಟ್ಟರೆ ಆಯಿತು.

ವಾರಕ್ಕೆ ಐದರಂತೆ ವರ್ಷಕ್ಕೆ 120 ಪೀರಿಯಡ್ ಸಿಗುತ್ತವೆ ಎಂದು ಹಿಡಿದು ನಾನು ಲೆಕ್ಕ ಹಾಕಿದ್ದೇನೆ. ಆರಂಭದ ಇಪ್ಪತ್ತು ಮತ್ತು ಮೇಲೆ ಹೇಳಿದ್ದೆಲ್ಲ ಸೇರಿ 112 ಆಗುತ್ತದೆ, ಉಳಿದ ಎಂಟನ್ನು ಖಾಲಿಯಾಗಿಯೇ ಇಡಬೇಕು. ಆ ಎಂಟು ಪೀರಿಯಡ್‌ಗಳನ್ನು ಯಾವ ಸಮಿತಿಯೂ ಯಾವ ಪಾಠಕ್ಕೂ ಹಂಚಬಾರದು, ಆ ವಿದ್ಯಾರ್ಥಿನಿಯಂತಹವರು ಪ್ರಶ್ನೆ ಕೇಳಿದ ದಿನಕ್ಕೆ ಅವು ಬೇಕಾಗುತ್ತವೆ.

ಆದರೆ ಪರೀಕ್ಷೆ ಬದಲಾಗದಿದ್ದರೆ ಈ ಯಾವ ಹಂಚಿಕೆಯೂ ಉಳಿಯುವುದಿಲ್ಲ. ನಾನು ಈ ಕ್ರಮದಲ್ಲಿ ಕಲಿಸಲು ತೊಡಗಿದ ಮೊದಲ ವರ್ಷ, ಅಂದು ನಾನಿದ್ದ ಶಾಲೆಯ ಮುಖ್ಯಸ್ಥರು ಮೊದಲ ಕಿರುಪರೀಕ್ಷೆಯ ಅಂಕಗಳನ್ನು ಮುಂದಿಟ್ಟು, ಪಕ್ಕದ ವಿಭಾಗದವರು ಆಗಲೇ ಮೂವತ್ತು ಸೂತ್ರ ಮುಗಿಸಿದ್ದಾರೆ, ನಿಮ್ಮ ಮಕ್ಕಳು ಇನ್ನೂ ಕೋಷ್ಟಕ ಹಾಕುತ್ತಿದ್ದಾರೆ ಎಂದು ಗದರಿದರು. ಆ ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದು ಹತ್ತು ಫಂಕ್ಷನ್‌ಗಳು ಮತ್ತು ಅವಕಲಿಸಿರಿ ಎಂಬ ಒಂದೇ ಸೂಚನೆ. ಅಂಥ ಪತ್ರಿಕೆಯಲ್ಲಿ ನನ್ನ ಮಕ್ಕಳು ಹಿಂದೆ ಬೀಳುವುದು ಖಂಡಿತವಾಗಿತ್ತು, ಅವರ ಮುಖ ನೋಡಿ ನನಗೆ ಸಂಕಟವಾಯಿತು. ಪ್ರಶ್ನೆಪತ್ರಿಕೆಯ ಮೂರನೆಯ ಒಂದು ಭಾಗವಾದರೂ ಸೂತ್ರವಿಲ್ಲದ ಪ್ರಶ್ನೆಗಳಿಗೆ ಮೀಸಲಾಗಬೇಕು. ಉದಾಹರಣೆಗೆ, ಸೋರುತ್ತಿರುವ ತೊಟ್ಟಿಯಲ್ಲಿ ಆರಂಭದಲ್ಲಿ 200 ಲೀಟರ್, ಐದನೆಯ ನಿಮಿಷಕ್ಕೆ 170, ಹತ್ತನೆಯ ನಿಮಿಷಕ್ಕೆ 148, ಹದಿನೈದನೆಯ ನಿಮಿಷಕ್ಕೆ 134 ಲೀಟರ್ ನೀರಿತ್ತು ಎಂಬ ಕೋಷ್ಟಕ ಕೊಟ್ಟು, ಹತ್ತನೆಯ ನಿಮಿಷದಲ್ಲಿ ನೀರು ಬದಲಾಗುತ್ತಿರುವ ದರವನ್ನು ಅಂದಾಜು ಮಾಡಿ, ಅದರ ಮಾನವನ್ನು ಬರೆದು, ಋಣ ಚಿಹ್ನೆ ಏನು ಹೇಳುತ್ತದೆ ಎಂದು ಒಂದು ವಾಕ್ಯದಲ್ಲಿ ವಿವರಿಸಲು ಕೇಳಬಹುದು. ನಿಮಿಷಕ್ಕೆ ಸುಮಾರು ಋಣ 3.6 ಲೀಟರ್ ಎಂದು ಬರೆದ ಮಗುವಿಗೆ ಪೂರ್ಣ ಅಂಕ, 3.5 ಎಂದೋ 4 ಎಂದೋ ಬರೆದು ತನ್ನ ದಾರಿಯನ್ನು ಸಮರ್ಥಿಸಿದ ಮಗುವಿಗೂ ಪೂರ್ಣ ಅಂಕ ಕೊಡುವಂತೆ ಮೌಲ್ಯಮಾಪಕರಿಗೆ ಸೂಚನೆ ಹೋಗಬೇಕು. ಇಂಥ ಮಾದರಿ ಪ್ರಶ್ನೆಪತ್ರಿಕೆಯನ್ನು ಪಠ್ಯಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಸಿದ್ಧಪಡಿಸಿ, ಶಿಕ್ಷಕರ ಕೈಗೆ ವರ್ಷದ ಮೊದಲ ದಿನವೇ ತಲುಪಿಸುವ ಕ್ರಮವನ್ನು ಸಂಬಂಧಪಟ್ಟವರು ಕೈಗೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ಒಬ್ಬ ಗಣಿತ ಶಿಕ್ಷಕಿ